ಗೋಲ್ಗಾನ ಹೊಳೆಯಲ್ಲಿ ಸಿರಿಲ್‌ನ ದೋಣಿ

ಆಗಸ್ಟ್ ಕೊನೆಯ ವಾರ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಉತ್ತರದ ಹಿಮನಾಡಿನ ನಪಾಗಾಕ್ ಊರಿನ ದಂಡೆಯಲ್ಲಿ ಸಿರಿಲ್ ತುಲಿಕ್ ತಮ್ಮ ಅಲ್ಯೂಮಿನಿಯಂ ದೋಣಿಯ ಹಿಂದೆ ಮೊಣಕಾಲೂರಿ ಕೂತಿದ್ದಾರೆ. ಮೋಟಾರನ್ನು ಮೇಲಕ್ಕೆತ್ತಿ, ಅದರ ಅಡಿಯ ಜಾಲರಿಯೊಳಗೆ ಬೆರಳು ತೂರಿಸಿ, ನಿನ್ನೆ ಸಿಕ್ಕಿಕೊಂಡ ಹುಲ್ಲನ್ನು ಎಳೆ ಎಳೆಯಾಗಿ ಈಚೆ ತೆಗೆಯುತ್ತಿದ್ದಾರೆ. ಹುಲ್ಲಿನ ಜೊತೆ ಗೋಲಿ ಗಾತ್ರದ ಒಂದು ಕಲ್ಲೂ ಬರುತ್ತದೆ. ಅದನ್ನು ಅಂಗೈಯಲ್ಲಿಟ್ಟು ನೋಡುತ್ತಾರೆ, ಬಾಯಿಗೆ ಬಂದ ಬೈಗುಳ ನುಂಗುತ್ತಾರೆ, ಕಲ್ಲನ್ನು ಹೊಳೆಗೆ ಎಸೆಯುತ್ತಾರೆ.

ಆಮೇಲೆ ಆರು ನಟ್ಟು ಬಿಚ್ಚುತ್ತಾರೆ. ಒಳಗಿರುವುದು ಅಂಗೈ ಅಗಲದ ರೆಕ್ಕೆಚಕ್ರ. ಕೆಳಗಿನಿಂದ ನೀರು ಹೀರಿ ಹಿಂದಕ್ಕೆ ಉಗುಳುವುದು ಅದರ ಕೆಲಸ, ದೋಣಿ ಮುಂದೆ ಹೋಗುವುದು ಆ ಉಗುಳುವಿಕೆಯ ಬಲದಿಂದಲೇ. ಮರಳು, ಕಲ್ಲು ನುಂಗಿ ನುಂಗಿ ಅದರ ಅಂಚು ಮೊಂಡಾಗುತ್ತದೆ. ಸಿರಿಲ್ ಎರಡು ದಿನಕ್ಕೊಮ್ಮೆ ಅರ ಹಿಡಿದು ಆ ಅಂಚನ್ನು ಹರಿತ ಮಾಡುತ್ತಾರೆ. ಅರದ ಮರದ ಹಿಡಿಯ ಮೇಲೆ ಕಾಯಿಸಿದ ಮೊಳೆಯಿಂದ ಸುಟ್ಟು ಬರೆದ ಒಂದು ಹೆಸರಿದೆ.

"ಇದು ನನ್ನದಲ್ಲ," ಎನ್ನುತ್ತಾರೆ ಅವರು, ಯಾರೂ ಕೇಳುವ ಮೊದಲೇ. "ಅವನದು."

'ಅವನು' ಎಂದರೆ ಗೋಲ್ಗಾ. ಸಿರಿಲ್‌ರ ಹೆಂಡತಿ ಮತ್ರೋನಾ ಅವರ ಮೊದಲ ಗಂಡ. ತೀರಿಕೊಂಡು ಇಪ್ಪತ್ತೊಂದು ವರ್ಷವಾಯಿತು. ಈ ಹೊಳೆಯಲ್ಲಿ ಅವರಂಥ ದೋಣಿಗಾರ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬುದು ಊರಿನ ತೀರ್ಮಾನ. ಹತ್ತೊಂಬತ್ತು ವರ್ಷಗಳಿಂದ ದಿನಾ ಅದೇ ಹೊಳೆಯಲ್ಲಿ ದೋಣಿ ಓಡಿಸುತ್ತಿರುವ ಸಿರಿಲ್ ಬಗ್ಗೆ ಊರು ಇನ್ನೂ ಯಾವ ತೀರ್ಮಾನಕ್ಕೂ ಬಂದಿಲ್ಲ.

ನಪಾಗಾಕ್‌ನಲ್ಲಿ ನೂರಾ ನಲವತ್ತು ಜನರಿದ್ದಾರೆ. ಸರಕಿನ ದೊಡ್ಡ ದೋಣಿ ಕುಸ್ಕೋಕ್ವಿಮ್ ನದಿಯಲ್ಲಿ ಬಂದು, ಇವರ ಹೊಳೆ ಕೂಡುವಲ್ಲಿ ಎಲ್ಲವನ್ನೂ ಇಳಿಸಿ ಹೊರಟುಹೋಗುತ್ತದೆ. ಅಲ್ಲಿಂದ ಊರಿಗೆ ಹನ್ನೊಂದು ಮೈಲಿ, ಮೂವತ್ತೊಂದು ತಿರುವು, ಎಷ್ಟೋ ಕಡೆ ಪಾದ ಮುಳುಗದಷ್ಟು ನೀರು. ಸೀಮೆಎಣ್ಣೆಯ ಪೀಪಾಯಿ, ಛಾವಣಿಯ ತಗಡು, ಶಾಲೆಯ ಹಾಲಿನ ಪುಡಿ, ಮಗುವಿನ ಡೈಪರು, ಬಂದೂಕಿನ ತೋಟಾ, ಎಲ್ಲ ಸಿರಿಲ್‌ರ ದೋಣಿಯಲ್ಲೇ ಬರಬೇಕು. ಮೇ ಕೊನೆಯಲ್ಲಿ ಹೊಳೆಯ ಮೇಲಿನ ಮಂಜುಗಡ್ಡೆ ಒಡೆದಾಗಿನಿಂದ ಅಕ್ಟೋಬರಿನಲ್ಲಿ ಹೊಳೆ ಹೆಪ್ಪುಗಟ್ಟುವವರೆಗೆ ದಿನಕ್ಕೆ ಎರಡು ಸಲ, ಸರಕು ಹೆಚ್ಚಿದ್ದರೆ ಮೂರು ಸಲ. ಒಂದು ಸಲಕ್ಕೆ ಎರಡೇ ಪೀಪಾಯಿ, ಅದಕ್ಕಿಂತ ಹೆಚ್ಚಿಟ್ಟರೆ ದೋಣಿಯ ತಳ ಕಲ್ಲಿಗೆ ಉಜ್ಜುತ್ತದೆ. ಪ್ರತಿ ಸಲ ಬಂದ ಮೇಲೆ ಮೋಟಾರಿಗೆ ಗ್ರೀಸು ತುಂಬಬೇಕು. ಗ್ರೀಸು ಮೆತ್ತಿ ಮೆತ್ತಿ ಅವರ ಬಲಗೈಯ ಗೆರೆಗಳು ಶಾಶ್ವತವಾಗಿ ಕಪ್ಪಾಗಿವೆ.

"ಪ್ರೊಪೆಲ್ಲರ್ ದೋಣಿಗೆ ಮೊಣಕಾಲುದ್ದ ನೀರು ಬೇಕು," ಎಂದು ಅವರು ನಟ್ಟು ಬಿಗಿಯುತ್ತಾ ವಿವರಿಸುತ್ತಾರೆ. "ಇದಕ್ಕೆ ಓಡ್ತಿರೋವಾಗ ನಾಲ್ಕಿಂಚು ಸಾಕು. ನಿಂತರೆ ಮಾತ್ರ ಕೂತುಬಿಡುತ್ತೆ, ಆಗ ಹತ್ತಿಂಚು ಬೇಕು. ಅದಕ್ಕೇ ನೀರು ಕಮ್ಮಿ ಇದೆ, ಭಯ ಆಯ್ತು ಅಂತ ನಿಧಾನ ಮಾಡೋ ಹಾಗಿಲ್ಲ. ಭಯ ಆದಾಗ ಇನ್ನೂ ಜೋರಾಗಿ ಬಿಡಬೇಕು. ಇದನ್ನ ಕಲಿಯೋಕೆ ನನಗೆ ಎರಡು ಬೇಸಿಗೆ, ಮೂರು ಮೋಟಾರು ಬೇಕಾಯ್ತು."

ಕೊನೆಯ ನಟ್ಟು ಬಿಗಿದು ಸೇರಿಸುತ್ತಾರೆ: "ಅವನು ಒಂದೇ ವಾರದಲ್ಲಿ ಕಲಿತನಂತೆ."

ಸಿರಿಲ್ ಕಡಲ ಕಡೆಯವರು. ಅಲ್ಲಿ ಕೆಸರೇ ಕೆಸರು, ಅಳೆದರೆ ಸಿಗದ ಆಳ, ದಿನಕ್ಕೆರಡು ಸಲ ಉಬ್ಬರ. ಹೊಳೆಯ ತಳದಲ್ಲಿ ಕಲ್ಲಿರುತ್ತದೆ ಎಂಬುದೇ ಅವರಿಗೆ ಮೂವತ್ತೊಂಬತ್ತರ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಬೆಥೆಲ್ ಪೇಟೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಸಿರಿಲ್ ಮೊದಲ ಸಲ ಮತ್ರೋನಾ ಅವರನ್ನು ಕಂಡರು. ಆಕೆ ವಿಧವೆಯಾಗಿ ಆಗ ಎರಡು ವರ್ಷ. ಎದುರಾಳಿ ತಂಡದ ಹೆಂಗಸೊಬ್ಬಳನ್ನು ಮೊಣಕೈಯಿಂದ ತಿವಿದು ಆಟದಿಂದ ಹೊರಬಿದ್ದು, ಬೆಂಚಿನ ಮೇಲೆ ಕೂತು ಗಟ್ಟಿ ಬಿಸ್ಕತ್ತು ಕಡಿಯುತ್ತಿದ್ದರು. ಸಿರಿಲ್ ಪಕ್ಕದಲ್ಲಿ ಹೋಗಿ ಕೂತರು. ಮುಂದಿನ ಬೇಸಿಗೆಗೆ ನಪಾಗಾಕ್‌ಗೆ ಬಂದರು.

ಮದುವೆಯ ಜೊತೆಗೆ ಮನೆ ಬಂತು, ದೋಣಿ ಬಂತು, ಅರ ಬಂತು, ಗೋಡೆಯ ಮೇಲಿನ ಫೋಟೋ ಬಂತು. ಫೋಟೋದಲ್ಲಿ ಗೋಲ್ಗಾ ಹೊಡೆದುರುಳಿಸಿದ ಕಡವೆಯ ಕೊಂಬು ಹಿಡಿದು, ಇರುವ ಹಲ್ಲನ್ನೆಲ್ಲ ತೋರಿಸಿ ನಗುತ್ತಿದ್ದಾರೆ. ಊಟದ ಮೇಜಿನ ಎದುರಿಗೇ ಇದೆ.

"ತೆಗೆ ಅಂತ ಹೇಗೆ ಹೇಳೋದು?" ಎನ್ನುತ್ತಾರೆ ಸಿರಿಲ್. "ಮುಖ ಗಂಟು ಹಾಕ್ಕೊಂಡಿದ್ರೆ ಹೇಳ್ಬಹುದಿತ್ತು. ಅವನು ನಗ್ತಾನೇ ಇದಾನೆ."

ಊರಿನ ಪ್ರತಿ ಮನೆಯಲ್ಲೂ ಒಂದು ರೇಡಿಯೋ ಸದಾ ಚಾಲೂ ಇರುತ್ತದೆ. ಒಬ್ಬರು ಮಾತಾಡಿದ್ದನ್ನು ಎಲ್ಲರೂ ಕೇಳುತ್ತಾರೆ. ಸಿರಿಲ್ ಕೆಳಗಿನಿಂದ ಹೊರಟ ಸುದ್ದಿ ಬಂದ ಅರ್ಧ ಗಂಟೆಗೆ ಅಂಗಡಿಯ ಎಫ್ರಿಮ್ ಶುರು ಮಾಡುತ್ತಾರೆ: "ಸಿರಿಲ್, ಎಲ್ಲಿದ್ದೀಯಪ್ಪಾ? ನನ್ನ ಸಕ್ಕರೆ ಹೊಳೇಲಿ ಕರಗೋಯ್ತಾ? ಗೋಲ್ಗಾ ಇದ್ದಿದ್ರೆ ಇಷ್ಟೊತ್ತಿಗೆ ಬಂದು, ಉಂಡು, ಮಲಗಿ ಎದ್ದಿರ್ತಿದ್ದ." ಒಂದೊಂದು ಮನೆಯಿಂದಲೂ ನಗು ಕೇಳಿಬರುತ್ತದೆ. ಸಿರಿಲ್ ಓಡಿಸುತ್ತಲೇ ಇರುತ್ತಾರೆ. ಒಂದು ಕೈ ಹಿಡಿಕೆಯ ಮೇಲೆ, ಕಣ್ಣು ನೀರಿನ ಮೇಲೆ. ಉತ್ತರ ಕೊಡಲು ಪುರುಸೊತ್ತಾದರೂ ಎಲ್ಲಿದೆ?

ಅವರ ಹೊಟ್ಟೆಕಿಚ್ಚಿಗೆ ಒಂದು ನಕ್ಷೆಯೇ ಇದೆ. ಊರಿನಿಂದ ಕೆಳಗೆ ಗೋಲ್ಗಾನ ತಿರುವು. ಊರಿನಿಂದ ಮೇಲೆ ಒಂಬತ್ತು ಮೈಲಿಗೆ ಗೋಲ್ಗಾನ ಕವಲು. ನಡುವೆ ಒಂದೆಡೆ ನೀರಿನಡಿ ಹಸುವಿನ ಬೆನ್ನಿನಂಥ ಕಪ್ಪು ಬಂಡೆ, ಅದು ಗೋಲ್ಗಾನ ಬಂಡೆ.

"ಆ ಹೆಸರು ಹೇಗೆ ಬಂತು ಗೊತ್ತಾ? ಅವನು ಅದಕ್ಕೆ ಡಿಕ್ಕಿ ಹೊಡೆದು ಮೋಟಾರು ಒಡ್ಕೊಂಡ. ಒಡ್ಕೊಂಡಿದ್ದಕ್ಕೂ ಹೆಸರು. ನಾನು ಹತ್ತೊಂಬತ್ತು ವರ್ಷದಿಂದ ಒಂದು ಸಲವೂ ಅದನ್ನ ಮುಟ್ಟಿಲ್ಲ. ಮುಟ್ಟದೇ ಇರೋ ಕಲ್ಲಿಗೆ ಯಾರ ಹೆಸರಿಡ್ತಾರೆ ಹೇಳಿ."

ಮತ್ರೋನಾ ಅವರಿಗೆ ಇದೆಲ್ಲ ಕೇಳಿ ಕೇಳಿ ರೂಢಿಯಾಗಿದೆ. ಮೀನು ಸೀಳುವ ಕೈ ನಿಲ್ಲಿಸದೆ ಹೇಳುತ್ತಾರೆ: "ಸತ್ತೋನ ಜೊತೆ ಜಗಳ ಆಡೋಕೆ ಆಗಲ್ಲ ಅಂತ ನನ್ನ ಜೊತೆ ಆಡ್ತಾನೆ." ಒಮ್ಮೆ ಸಿರಿಲ್ ನೇರವಾಗಿಯೇ ಕೇಳಿದ್ದರಂತೆ, ಇಬ್ಬರಲ್ಲಿ ಯಾರು ಚೆನ್ನಾಗಿ ಓಡಿಸುತ್ತಾರೆ ಎಂದು. "ನಿನ್ನ ದೋಣೀಲಿ ನನಗೆ ನಿದ್ದೆ ಬರುತ್ತೆ, ಅವನ ದೋಣೀಲಿ ಒಂದು ದಿನವೂ ಕಣ್ಣು ಮುಚ್ಚಿದವಳಲ್ಲ" ಎಂದರಂತೆ ಮತ್ರೋನಾ. ಸಿರಿಲ್ ಆ ಮಾತನ್ನು ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡು ಕೊರಗಿದ್ದಾರೆ. ಅವನನ್ನು ಕಣ್ಣು ಮುಚ್ಚದೆ ನೋಡುತ್ತಿದ್ದಳು, ನನ್ನನ್ನು ಕಂಡರೆ ಆಕಳಿಕೆ ಬರುತ್ತದೆ ಎಂದೇ ಅವರು ಅದನ್ನು ತಿಳಿದಿರುವುದು. ಮತ್ರೋನಾ ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಸಿರಿಲ್‌ರನ್ನು ಸುಡುತ್ತಿದ್ದದ್ದು ಪಕ್ಕದ ಮನೆ. ಅಲ್ಲಿ ಗೋಲ್ಗಾ ಅವರ ತಾಯಿ ಲುಕೇರಿಯಾ ಇದ್ದಾರೆ, ವಯಸ್ಸು ಎಂಬತ್ತಮೂರು. ಸಿರಿಲ್‌ರ ಅಕ್ಕ ಕಡಲ ಕಡೆಯಿಂದ ಕಳಿಸುವ ಸೀಲ್ ಎಂಬ ಕಡಲಪ್ರಾಣಿಯ ಎಣ್ಣೆಯ ಬಾಟಲಿಯನ್ನು ಈ ಅಜ್ಜಿ ಸಂತೋಷವಾಗಿ ಇಸಿದುಕೊಳ್ಳುತ್ತಾರೆ. ಸಿರಿಲ್ ಹೊತ್ತು ತಂದ ಸೀಮೆಎಣ್ಣೆಯಲ್ಲೇ ಒಲೆ ಉರಿಸುತ್ತಾರೆ. ಸಿರಿಲ್‌ರ ದೋಣಿಗೆ ಮಾತ್ರ ಕಾಲಿಡುವುದಿಲ್ಲ. ಕಾಡುಹಣ್ಣು ಕೀಳಲು ಹೊರಟರೆ, ಹಳೆಯ ಊರಿನ ಗೋರಿಗಳನ್ನು ನೋಡಲು ಹೊರಟರೆ, ಎಫ್ರಿಮ್‌ನ ದೋಣಿ, ಇನ್ಯಾರದೋ ದೋಣಿ. ಹತ್ತೊಂಬತ್ತು ಬೇಸಿಗೆ ಹೀಗೇ ಕಳೆಯಿತು.

ಈ ವರ್ಷ ಮೇ ತಿಂಗಳಲ್ಲಿ ಹೆಪ್ಪು ಒಡೆಯುವಾಗ ಗೋಲ್ಗಾನ ಕವಲಿನಲ್ಲಿ ಮಂಜುಗಡ್ಡೆಗಳು ಒಂದರ ಮೇಲೊಂದು ಸಿಕ್ಕಿಕೊಂಡು ನಾಲ್ಕು ದಿನ ನಿಂತುಬಿಟ್ಟವು. ಐದನೆಯ ದಿನ ಒಡೆದು ನೀರು ನುಗ್ಗಿದಾಗ, ಊರಿನ ಮೇಲೂ ಕೆಳಗೂ ಹೊಳೆ ಮೊದಲಿನ ಹೊಳೆಯಾಗಿರಲಿಲ್ಲ. ಆಳವಿದ್ದಲ್ಲಿ ಕಲ್ಲುರಾಶಿ, ದಂಡೆಯಿದ್ದಲ್ಲಿ ನೀರು. ಕವಲಿನ ಎಡದ ದಾರಿ, ಗೋಲ್ಗಾ ಹೋಗುತ್ತಿದ್ದ ಪ್ರಸಿದ್ಧ ದಾರಿ, ಹೂತೇ ಹೋಯಿತು.

"ಖುಷಿಯಾಯ್ತು," ಎಂದು ಸಿರಿಲ್ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. "ಹೇಳಬಾರದು. ಆದ್ರೂ ಆಯ್ತು. ಅವನ ದಾರಿ ಎಲ್ಲಾ ಹೋಯ್ತು, ಇನ್ನು ಮೇಲೆ ಇರೋದು ನನ್ನದೇ ಅಂದ್ಕೊಂಡೆ."

ತೊಡೆವರೆಗಿನ ರಬ್ಬರ್ ಬೂಟು ಹಾಕಿಕೊಂಡು ಒಂಬತ್ತು ದಿನ ಹೊಳೆಯಲ್ಲಿ ನಡೆದರು. ಕೋಲಿನಿಂದ ಅಳೆದರು. ನೀರಿನ ಮೈ ಎಲ್ಲಿ ನುಣ್ಣಗಿದೆ, ಎಲ್ಲಿ ಸುಕ್ಕುಗಟ್ಟಿದೆ, ಸುಕ್ಕಿನ ಮೂತಿ ಹರಿವಿನ ಮೇಲಕ್ಕಿದೆಯೋ ಕೆಳಕ್ಕಿದೆಯೋ ನೋಡಿದರು. ಮೂತಿ ಮೇಲಕ್ಕಿದ್ದರೆ ಅಡಿಯಲ್ಲಿ ಕಲ್ಲು, ಕೆಳಕ್ಕಿದ್ದರೆ ದಾರಿ. ಹತ್ತನೆಯ ದಿನ ಸರಕು ತುಂಬಿಕೊಂಡು ಒಂದು ಸಲವೂ ನಿಲ್ಲದೆ ಊರಿಗೆ ಬಂದರು. ದಂಡೆಯಲ್ಲಿ ಪೀಪಾಯಿ ಉರುಳಿಸುತ್ತಿದ್ದಾಗ ರೇಡಿಯೋದಲ್ಲಿ ಎಫ್ರಿಮ್‌ನ ದನಿ: "ಒಂಬತ್ತು ದಿನ ಬೇಕಾಯ್ತು ನೋಡು. ಗೋಲ್ಗಾ ಇದ್ದಿದ್ರೆ ಒಂದೇ ದಿನಕ್ಕೆ ಹುಡುಕ್ತಿದ್ದ."

ಆಗಸ್ಟ್ ಮಧ್ಯದಲ್ಲಿ ನಡೆದದ್ದನ್ನು ಸಿರಿಲ್ ತಾವಾಗಿಯೇ ಹೇಳುವುದಿಲ್ಲ. ಮತ್ರೋನಾ ಎರಡು ಸಲ ಗದರಿದ ಮೇಲೆ ಹೇಳಿದರು.

ಗೋಲ್ಗಾ ಅವರ ಗೋರಿಯ ಶಿಲುಬೆ ಕೊಳೆತು ಬಿದ್ದಿತ್ತು. ಲುಕೇರಿಯಾ ಹೊಸದನ್ನು ಮಾಡಿಸಿ, ಬಿಳಿ ಬಣ್ಣ ಹೊಡೆಸಿ ಇಟ್ಟಿದ್ದರು. ಹೆಪ್ಪುಗಟ್ಟುವ ಮೊದಲು ನೆಡಬೇಕು, ಮುಂದಿನ ಬೇಸಿಗೆಗೆ ತಾವಿರುತ್ತೇವೋ ಇಲ್ಲವೋ ಎಂಬುದು ಅವರ ಲೆಕ್ಕ. ಗೋರಿಯಿರುವುದು ಜನ ಬಿಟ್ಟುಬಂದ ಹಳೆಯ ಊರಿನಲ್ಲಿ, ಇಪ್ಪತ್ತಾರು ಮೈಲಿ ಮೇಲೆ. ಎಫ್ರಿಮ್ ಪ್ರಯತ್ನಿಸಿ, ನೀರು ಸಾಲದೆ ಮೂರನೆಯ ತಿರುವಿನಿಂದ ವಾಪಸು ಬಂದರು. ನಾಲ್ಕು ವಾರ ಮಳೆಗೆ ಕಾದದ್ದಾಯಿತು, ಮಳೆ ಬರಲಿಲ್ಲ. ಒಂದು ಬೆಳಿಗ್ಗೆ ಸಿರಿಲ್ ದಂಡೆಗೆ ಇಳಿದರೆ ಅಜ್ಜಿ ದೋಣಿಯ ಮುಂತುದಿಯಲ್ಲಿ ಕೂತಿದ್ದಾರೆ. ತೊಡೆಯ ಮೇಲೆ ಚಹಾದ ಫ್ಲಾಸ್ಕು. ಶಿಲುಬೆ ದೋಣಿಯುದ್ದಕ್ಕೂ ಮಲಗಿದೆ.

"ಏನೋ ಕಡಲವನೇ, ಎಷ್ಟೊತ್ತು ಮಲಗ್ತೀಯ?"

ಸಿರಿಲ್ ಮನೆಯ ಕಡೆ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮತ್ರೋನಾ, "ಬಾಯಿ ಮುಚ್ಕೊಂಡು ಕರ್ಕೊಂಡು ಹೋಗು" ಎಂದರು.

ಶಿಲುಬೆಯ ಬುಡ ಸಿರಿಲ್‌ರ ಮೊಣಕಾಲಿಗೆ ತಾಗುತ್ತಿತ್ತು. ಪ್ರತಿ ತಿರುವಿಗೂ ಬಂದು ಒತ್ತುತ್ತಿತ್ತು. ಹೆಸರು ಬರೆದ ಅಡ್ಡಪಟ್ಟಿ ಅವರತ್ತಲೇ ಮುಖ ಮಾಡಿತ್ತು. ಹೊಳೆ, ಮನೆ, ಹೆಂಡತಿ ಎಲ್ಲ ಸಾಲದೆ ಇವನನ್ನು ಹೊತ್ತುಕೊಂಡೂ ಹೋಗಬೇಕಲ್ಲ ಎಂದು ಹಲ್ಲು ಕಚ್ಚಿಕೊಂಡು ಓಡಿಸಿದರು. ಎರಡು ಸಲ ನಾಲ್ಕಿಂಚು ನೀರಿನ ಮೇಲೆ ಹಾರಿಸಿಕೊಂಡು ಹೋದರು. ಅಜ್ಜಿ ಹೊಗಳಲಿಲ್ಲ.

ಕವಲು ಕಾಣಿಸಿದಾಗ ಅಜ್ಜಿ ಕೈ ಎತ್ತಿದರು. "ಎಡಕ್ಕೆ."

"ಎಡಕ್ಕೆ ನೀರಿಲ್ಲ, ಅಜ್ಜಿ. ಮುಚ್ಚಿಹೋಗಿದೆ."

"ಗೋಲ್ಗಾ ಎಡಕ್ಕೆ ಹೋಗ್ತಿದ್ದ."

"ಈಗ ಬಲಕ್ಕೆ ಹೋಗ್ಬೇಕು."

"ನನ್ನ ಮಗ ಎಡಕ್ಕೆ ಹೋಗ್ತಿದ್ದ."

ಸಿರಿಲ್ ಎಡಕ್ಕೆ ತಿರುಗಿಸಿದರು. ತಿಳಿಯದೆ ಮಾಡಿದ್ದಲ್ಲ, ಕೈತಪ್ಪಿ ಆದದ್ದೂ ಅಲ್ಲ. ಇನ್ನೂರು ಅಡಿ ಹೋಗುವಷ್ಟರಲ್ಲಿ ದೋಣಿಯ ತಳ ಕರಕರ ಎಂದಿತು, ಮೋಟಾರು ಕಲ್ಲು ನುಂಗಿ ಕಿರುಚಿತು, ದೋಣಿ ಕಲ್ಲುರಾಶಿಯ ಮೇಲೆ ಹತ್ತಿ ಕೂತಿತು. ಅಜ್ಜಿ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ದೋಣಿಯ ಅಂಚು ಹಿಡಿದು ಹೇಗೋ ಬೀಳದೆ ಉಳಿದರು. ಮೋಟಾರು ನಿಂತ ಮೇಲೆ ನೀರು ಕಲ್ಲಿನ ನಡುವೆ ಹರಿಯುವ ಸಣ್ಣ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಆಗಲೇ ಸಿರಿಲ್‌ರ ತಲೆಗೆ ಹೊಳೆದದ್ದು: ಎಂಬತ್ತಮೂರು ವರ್ಷದ ಮೂಳೆ, ಬಿದ್ದಿದ್ದರೆ?

ಅಜ್ಜಿಯನ್ನು ಇಳಿಸಿ ಕಲ್ಲಿನ ಮೇಲೆ ಕೂರಿಸಿದರು. ಆರು ನಟ್ಟು ಬಿಚ್ಚಿ, ರೆಕ್ಕೆಚಕ್ರಕ್ಕೂ ಕವಚಕ್ಕೂ ನಡುವೆ ಸಿಕ್ಕ ಕಲ್ಲುಗಳನ್ನು ತಿರುಪುಳಿಯಿಂದ ಮೀಟತೊಡಗಿದರು. ಅಜ್ಜಿ ಚಹಾ ಬಗ್ಗಿಸಿ, ಒಣಮೀನಿನ ಪಟ್ಟಿಯೊಂದನ್ನು ಮುಂದೆ ಚಾಚಿದರು.

"ತಿನ್ನು. ಕಲ್ಲು ಎಲ್ಲೂ ಓಡಿಹೋಗಲ್ಲ."

ತಿಂದರು.

"ಇಲ್ಲಿ ನೀರಿಲ್ಲ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕೆ ಬಂದೆ?"

"ಅವನ ದಾರಿ ಮುಚ್ಚಿಹೋಗಿದೆ ಅನ್ನೋದನ್ನ ನೀವು ಕಣ್ಣಾರೆ ನೋಡ್ಲಿ ಅಂತ."

ಆಡಿದ ಮಾತು ತಮಗೇ ಕೇಳಿಸಿದಾಗ ಸಿರಿಲ್‌ರಿಗೆ ಮುಖ ಎತ್ತಲಾಗಲಿಲ್ಲ. ಮಗನ ಶಿಲುಬೆ ಇಟ್ಟುಕೊಂಡು ಹೊರಟ ತಾಯಿಗೆ ಹೇಳುವ ಮಾತೇ ಇದು? ಅಜ್ಜಿ ಆ ಒಣ ಕಲ್ಲುರಾಶಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

"ನೋಡಿದೆ," ಎಂದರು ಆಮೇಲೆ. "ನಾನು ನಿನ್ನ ದೋಣಿ ಯಾಕೆ ಹತ್ತಲಿಲ್ಲ ಗೊತ್ತಾ?"

"ಅವನಷ್ಟು ಚೆನ್ನಾಗಿ ಓಡಿಸಲ್ಲ ಅಂತ."

ಅಜ್ಜಿಗೆ ನಗು ಬಂತು. "ಅವನೇನು ಮಹಾ ಓಡಿಸ್ತಿದ್ದ. ಇದೇ ಕವಲಲ್ಲಿ ಎರಡು ಸಲ ನನ್ನನ್ನ ಹೀಗೇ ಕಲ್ಲಿನ ಮೇಲೆ ಕೂರಿಸಿದಾನೆ. ಸತ್ತ ಮೇಲೆ ಅವನ ದೋಣಿ ಎಲ್ಲೂ ನಿಂತಿಲ್ಲ, ಅಷ್ಟೇ."

"ಮತ್ತೆ?"

"ನೀನು ದಿನಾ ವಾಪಸ್ ಬರ್ತೀಯ," ಎಂದರು ಲುಕೇರಿಯಾ. "ಸಂಜೆ ಕೆಳಗಿನ ತಿರುವಲ್ಲಿ ನಿನ್ನ ಮೋಟಾರ್ ಸದ್ದು ಕೇಳುತ್ತೆ. ಮತ್ರೋನಾ ಎದ್ದು ಒಲೆ ಮೇಲೆ ನೀರಿಡ್ತಾಳೆ, ಪಾತ್ರೆ ಸದ್ದು ನಮ್ಮನೇಗೆ ಕೇಳುತ್ತೆ. ಆಗೆಲ್ಲ ನನ್ನ ಹೊಟ್ಟೆ ಹೊತ್ತಿ ಉರಿಯುತ್ತೆ ಕಣೋ. ಇವನು ಬಂದ, ನನ್ನವನು ಬರಲಿಲ್ಲ. ಹತ್ತೊಂಬತ್ತು ವರ್ಷದಿಂದ, ದಿನಾ."

ಗೋಲ್ಗಾ ನವೆಂಬರಿನಲ್ಲಿ ಹೊಳೆ ಆಗಷ್ಟೇ ಕಟ್ಟಿದ ಎಳೆ ಹೆಪ್ಪಿನ ಮೇಲೆ ಹಿಮಗಾಡಿ ಓಡಿಸಿಕೊಂಡು ಹೋದವರು. ಹೆಪ್ಪು ಒಡೆಯಿತು. ತಾಯಿ ಆ ಸಂಜೆಯೂ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.

ಸಿರಿಲ್ ತಿರುಪುಳಿ ಕೆಳಗಿಟ್ಟರು. ಇಷ್ಟು ವರ್ಷ ಊರಿನಲ್ಲಿ ಕರುಬುವವನು ತಾನೊಬ್ಬನೇ ಎಂದು ತಿಳಿದಿದ್ದರು. ತನ್ನ ಮೇಲೂ ಕರುಬುವವರಿದ್ದಾರೆ, ಅದೂ ಪಕ್ಕದ ಗೋಡೆಯಾಚೆಗೆ, ಅದೂ ಮನೆಗೆ ಬಂದು ಚಹಾ ಕುಡಿದದ್ದಕ್ಕೆ. ಮತ್ತೆ ಕಲ್ಲು ಮೀಟಲು ಬಗ್ಗಿದರು. ಕೊನೆಯ ಕಲ್ಲು ಬಂದ ಮೇಲೆ ಹೆಗಲಿಗೆ ಹಗ್ಗ ಹಾಕಿಕೊಂಡು ದೋಣಿಯನ್ನು ಅಡಿ ಅಡಿಯಾಗಿ ಕೆಳಕ್ಕೆ ಎಳೆದರು. ಎರಡು ಗಂಟೆ ಹಿಡಿಯಿತು. ಅಜ್ಜಿ ದಂಡೆಯಲ್ಲಿ ಜೊತೆಜೊತೆಗೆ ನಡೆಯುತ್ತಾ, ಹಗ್ಗ ಹಿಡಿಯುವುದು ಹೀಗಲ್ಲ ಹಾಗೆ ಎಂದು ಹೇಳಿಕೊಡುತ್ತಾ ಬಂದರು.

ಆಮೇಲೆ ಬಲಗಡೆಯಿಂದ ಹೋದರು.

ಗೋರಿಯ ಬಳಿ ಗುಂಡಿ ತೋಡಿದ್ದು ಸಿರಿಲ್. ಮೇಲಿನ ಒಂದೂವರೆ ಅಡಿ ಮಾತ್ರ ಮೆತ್ತಗೆ, ಅದರಡಿ ಎಂದೂ ಕರಗದ ಹೆಪ್ಪುಮಣ್ಣು. ಅಜ್ಜಿ ದೂರ ನಿಂತು ಕಣ್ಣು ಕಿರಿದು ಮಾಡಿ ನೇರ ನೋಡುವಾಗ ಶಿಲುಬೆಯನ್ನು ಎರಡೂ ತೋಳಿನಲ್ಲಿ ತಬ್ಬಿ ಹಿಡಿದಿದ್ದವರೂ ಅವರೇ. ಅಷ್ಟು ಹತ್ತಿರದಿಂದ ಅಡ್ಡಪಟ್ಟಿಯ ಮೇಲಿನ ವಯಸ್ಸು ಓದಿದರು. ಮೂವತ್ತಾರು. ತಮಗೀಗ ಐವತ್ತೆಂಟು.

"ಹುಡುಗ, ಅಂತ ಅನ್ನಿಸ್ತು," ಎನ್ನುತ್ತಾರೆ. "ಒಂದು ನಿಮಿಷ ಪಾಪ ಅನ್ನಿಸ್ತು. ಆಮೇಲೆ ಮತ್ತೆ ಶುರುವಾಯ್ತು. ಮೊಣಕಾಲು ನೋವಿಲ್ಲ, ಬೆನ್ನು ನೋವಿಲ್ಲ, ಯಾವಾಗ್ಲೂ ಮೂವತ್ತಾರು. ಅದಕ್ಕೂ ಹೊಟ್ಟೆಕಿಚ್ಚಾಯ್ತು."

ಮರುದಿನ ಬೆಳಿಗ್ಗೆ ರೇಡಿಯೋದಲ್ಲಿ ಲುಕೇರಿಯಾ ಅವರ ದನಿ ಕೇಳಿ ಇಡೀ ಊರು ಕಿವಿ ನಿಮಿರಿಸಿತು. ಆ ಅಜ್ಜಿ ರೇಡಿಯೋದಲ್ಲಿ ಮಾತಾಡುವುದೇ ಅಪರೂಪ. "ಎಫ್ರಿಮ್, ಕೇಳಿಸ್ತಾ? ಈ ಕಡಲವನು ನಿನ್ನೆ ನನ್ನನ್ನ ಗೋಲ್ಗಾನ ಕವಲಲ್ಲಿ ಕಲ್ಲಿನ ಮೇಲೆ ಹತ್ತಿಸಿಬಿಟ್ಟ. ಆಮೇಲೆ ತಾನೇ ಎಳೆದು ಇಳಿಸಿದ. ನೀನಾಗಿದ್ರೆ ನನ್ನನ್ನ ಅಲ್ಲೇ ಬಿಟ್ಟು ನಡ್ಕೊಂಡು ಬಂದಿರ್ತಿದ್ದೆ." ಮೊದಲ ಸಲ ಊರು ಎಫ್ರಿಮ್‌ನನ್ನು ನೋಡಿ ನಕ್ಕಿತು.

ಅದಾದ ಮೇಲೆ ಲುಕೇರಿಯಾ ಎರಡು ಸಲ ಸಿರಿಲ್‌ರ ದೋಣಿ ಹತ್ತಿದ್ದಾರೆ, ಹಣ್ಣು ಕೀಳಲು. ಎರಡೂ ಸಲ ದಾರಿಯುದ್ದಕ್ಕೂ ತಪ್ಪು ಹುಡುಕಿದ್ದಾರೆ. ವಾಪಸು ಬರುವಾಗ ಎರಡೂ ಸಲ ಮತ್ರೋನಾ ಅವರ ಅಡುಗೆಮನೆಗೇ ನೇರ ಬಂದು, ಫೋಟೋದ ಕೆಳಗೆ ಕೂತು, ಸಿರಿಲ್‌ರ ಜೊತೆಗೆ ಚಹಾ ಕುಡಿದಿದ್ದಾರೆ.

ಬೆಳಕು ಹರಿಯಿತು. ಸಿರಿಲ್ ಮೋಟಾರು ಇಳಿಸಿ, ದೋಣಿಯನ್ನು ನೀರಿಗೆ ನೂಕಿ ಹತ್ತಿ ನಿಲ್ಲುತ್ತಾರೆ. ಕೆಳಗೆ ಹದಿನಾಲ್ಕು ಪೀಪಾಯಿ ಕಾದಿವೆ, ಶಾಲೆಗೆ ಬಂದ ಮೇಜುಗಳಿವೆ. ಈಗಲಾದರೂ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಹಿಡಿಕೆಯ ಮೇಲೆ ಕೈಯಿಟ್ಟು ತಲೆಯಾಡಿಸುತ್ತಾರೆ.

"ಎಲ್ಲಿ ಹೋಗುತ್ತೆ. ಮುಂಚೆ ಬೆಳಿಗ್ಗೆ ಎದ್ದ ತಕ್ಷಣ ಬರ್ತಿತ್ತು, ಈಗ ಮಧ್ಯಾಹ್ನದ ಹೊತ್ತಿಗೆ ಬರುತ್ತೆ."

ಏನಾದರೂ ಆಸೆಯಿದೆಯೇ?

ದೋಣಿ ಆಗಲೇ ಹರಿವಿಗೆ ಮೂತಿ ತಿರುಗಿಸಿದ್ದರಿಂದ ಅವರು ಕೂಗಿ ಹೇಳಬೇಕಾಗುತ್ತದೆ.

"ನಾನು ಹೋದ ಮೇಲೆ ಯಾರೋ ಒಬ್ಬ ಈ ಹೊಳೇಲಿ ಓಡಿಸ್ತಾನಲ್ಲ, ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಾಗಬೇಕು. ಜಾಸ್ತಿ ಬೇಡ. ಸ್ವಲ್ಪ ಸಾಕು."